ಎಡಗೆನ್ನೆ, ಬಲಗೆನ್ನೆ

ಟ್ಯೂಬು ಎರಡೂ ಬಿಳಿ, ಎರಡಕ್ಕೂ ಒಂದೇ ವಾಸನೆ.
ಒಂದರಲ್ಲಿ ವಿಟಮಿನ್ ಇ, ಇನ್ನೊಂದರಲ್ಲಿ ಬರೀ ಕ್ರೀಮು.
ಯಾವುದು ಯಾವುದೆಂದು ಹಚ್ಚಿಕೊಳ್ಳುವ ದೊಸಿಂದಾಳಿಗೆ ಗೊತ್ತಿಲ್ಲ,
ಅಳೆಯುವ ನನಗೂ ಗೊತ್ತಿಲ್ಲ;
ಗೊತ್ತಿರುವ ಲಕೋಟೆ ಸಾಂಟಿಯಾಗೊದಲ್ಲಿ, ಬೀಗದೊಳಗೆ.
ಕುರುಡ ಕುರುಡನ ಕೈಹಿಡಿದು ನಡೆಯುವುದನ್ನು
ನಮ್ಮ ಕಸುಬಿನಲ್ಲಿ ಪ್ರಯೋಗ ಎನ್ನುತ್ತೇವೆ.

ಹದಿನಾಲ್ಕು ಹೆಂಗಸರು. ಅರೋಸಾದ ಅಳಿವೆಯಲ್ಲಿ
ಇಳಿತದ ಹೊತ್ತಿಗೆ ಕೆಸರು ಗೋರಿ ಚಿಪ್ಪು ಹೆಕ್ಕುವವರು.
ಬೂಟು ಕಳಚಿ ಬಾಗಿಲಲ್ಲಿಟ್ಟು
ಒಬ್ಬೊಬ್ಬರೇ ನನ್ನ ಕುರ್ಚಿಗೆ ಒರಗಿದರು,
ದೀಪಕ್ಕೆ ಕಣ್ಣು ಕಿರಿದು ಮಾಡಿ.
ಕಣ್ಣಂಚಿನ ಸುಕ್ಕಿನ ಮೇಲೆ ಸಿಲಿಕೋನ್ ಹಿಟ್ಟು ಮೆತ್ತಿ
ನಾಲ್ಕು ನಿಮಿಷ ನಗಬೇಡಿ, ಎಂದೆ.
"ಗಂಡನ ಹೆಣದ ಮುಂದೆಯೇ ನಗು ತಡೆಯಲಾಗಲಿಲ್ಲ ನನಗೆ.
ಅವನಿಗೆ ಟೈ ಕಟ್ಟಿದ್ದರು," ಎಂದಳು ದೊಸಿಂದಾ.
ಅಚ್ಚು ಕೆಟ್ಟಿತು. ಮತ್ತೆ ಮೆತ್ತಿದೆ.

ಏನಿದು ಇ, ಎಂದು ಕೇಳಿದಳು.
ಹೇಳಿದೆ: ನೂರು ವರ್ಷದ ಹಿಂದೆ
ಬಸುರಾದ ಇಲಿಗಳು ಹೆರಲಾರದೆ ಹೋದಾಗ
ಹಸಿರೆಲೆಯಲ್ಲಿ ಸಿಕ್ಕಿದ್ದು;
ಅದರ ಗ್ರೀಕ್ ಹೆಸರಿನೊಳಗೇ ಒಂದು ಹೆರಿಗೆಯಿದೆ.
ಬಿಸಿಲು ಚರ್ಮದಲ್ಲಿ ಕಿಡಿ ಹಾರಿಸಿದರೆ
ತಾನು ಅಡ್ಡ ಬಂದು ಸುಟ್ಟುಕೊಳ್ಳುತ್ತದೆ.
ಗಾಜಿನ ತಟ್ಟೆಯಲ್ಲಿ ಇದು ನಿಜ.
ಮುಖದಲ್ಲಿ? ಅದಕ್ಕೇ ನಿಮ್ಮನ್ನು ಕರೆದದ್ದು.

"ಮೂರು ಹೆತ್ತಿದ್ದೇನೆ, ಇಲಿಯ ಕೊರತೆ ನನಗಿಲ್ಲ.
ಇದು ಐವತ್ತು ವರ್ಷ ಉಪ್ಪು ತಿಂದ ಮುಖ ಮಾರಾಯ,
ನೀರು ಕುಡಿಯಲೇಬೇಕಲ್ಲ."

ಆರನೇ ವಾರ, ಎಡಗೆನ್ನೆ ಮೆತ್ತಗಾಗಿದೆ ಎಂದಳು.
ಹತ್ತನೇ ವಾರ, ಹರಾಜುಕಟ್ಟೆಯ ಗುಮಾಸ್ತ
ತೂಕ ಬರೆಯುವುದು ಬಿಟ್ಟು ನೋಡಿದನಂತೆ, ಎಡಕ್ಕೇ.
ಅಂದಿನಿಂದ ಬಕೀಟು ಬಲಗೈಗೆ,
ಊರಿಗೆಲ್ಲ ಎಡಗೆನ್ನೆ.

ಎರುಂಡಿನಾಳ ಬಲಗೆನ್ನೆ ಕೆಂಪಾಗಿ, ತುರಿಸಿ,
ಬೈಯುತ್ತ ಬಿಟ್ಟುಹೋದಳು.
ಹದಿನಾರು ವಾರದಲ್ಲಿ ಬರಿಗಣ್ಣಿಗೆ ಕಂಡ ಪರಿಣಾಮ
ಅದೊಂದೇ.
ಇನ್ನಿಬ್ಬರು ಹೇಳದೆಯೇ ಬಾರದಾದರು.

ಅಚ್ಚಿನಲ್ಲಿ ಎಲ್ಲ ತಿರುವುಮುರುವು, ಹಳ್ಳ ದಿಬ್ಬವಾಗುತ್ತದೆ.
ಪಕ್ಕದಿಂದ ಬೆಳಕು ಬಿಟ್ಟು, ದಿಬ್ಬದ ನೆರಳು ಅಳೆದು
ಬದುಕಿನ ಆಳ ಬರೆದುಕೊಳ್ಳುವ ಕೆಲಸ ನನ್ನದು,
ಮೈಕ್ರಾನ್ ಲೆಕ್ಕದಲ್ಲಿ.

ಎಡಕ್ಕೂ ಬಲಕ್ಕೂ ಸುಕ್ಕು ಚೂರು ಇಳಿದಿತ್ತು.
ಎರಡೂ ಕಡೆ, ಹೆಚ್ಚುಕಮ್ಮಿ ಒಂದೇ ಅಳತೆ:
ಬೆಳಗ್ಗೆ ಸಂಜೆ ತೇವ ಕಂಡ ಚರ್ಮ
ಯಾರ ತೇವವಾದರೇನು ಎಂದು ಉಬ್ಬಿಕೊಂಡಿತ್ತು.
ಲಕೋಟೆ ಒಡೆದೆವು.
ದೊಸಿಂದಾಳ ಎಡಗೆನ್ನೆ, ಬರೀ ಕ್ರೀಮು.

ವರದಿಯಲ್ಲಿ "ಪ್ರಯೋಜನವಿಲ್ಲ" ಎಂದು ಬರೆದು
ಅಳಿಸಿದೆ.
ಹನ್ನೊಂದು ಮುಖಗಳಲ್ಲಿ ಸಿಗಲಿಲ್ಲ,
ನಾನು ಬಲ್ಲದ್ದು ಅಷ್ಟೇ.
ಇಲ್ಲ ಎನ್ನುವುದಕ್ಕೂ ಸಾಕ್ಷಿ ಬೇಕು,
ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ
ಹೌದು ಎನ್ನುವವರಿಗೆ ಬೇಡವಾದರೂ.

ನಿಯಮದಂತೆ ಫೋನು ಮಾಡಿ ತಿಳಿಸಿದೆ.
ಆ ಕಡೆ ಗಾಳಿ, ಗೋರಿಯ ಸದ್ದು, ಯಾರೋ ಯಾರನ್ನೋ ಕರೆದದ್ದು.
"ಹಾಗಾದರೆ ಆ ಗುಮಾಸ್ತ?"
ನನ್ನ ಕೋಷ್ಟಕದಲ್ಲಿ ಅವನಿಗೆ ಕಲಮಿಲ್ಲ, ಎಂದೆ.
ತುಸು ಹೊತ್ತು ಗಾಳಿಯೇ ಮಾತಾಡಿತು.

"ಆ ಬರೀದು ಇನ್ನೂ ಒಂದೆರಡು ಟ್ಯೂಬು ಉಳಿದಿದ್ದರೆ
ಬಸ್ಸಿನಲ್ಲಿ ಕಳಿಸು.
ಇನ್ನು ಬಲಕ್ಕೂ ಅದನ್ನೇ ಹಚ್ಚುತ್ತೇನೆ."