ಉಳಿದರ್ಧ ಸೀಸೆ

ಬರೆದುಕೋ ಲೀಸೆಲೊಟ್, ಒಂದೂವರೆ ಸೀಸೆ.
ಒಂದಲ್ಲ, ಎರಡಲ್ಲ.
ಕಂದು ಬಿಯರು, ಸಿಹಿ ಮುಂದಾದದ್ದು.
ಪೋಪರಿಂಗೆಯ ಈ ಹೊಲಗಳಲ್ಲಿ ಹಾಪ್ಸ್ ಬೆಳೆದೇ
ಮನೆ ಕಟ್ಟಿದವರು ನಾವು,
ನಮ್ಮ ಪಾತ್ರೆಗೆ ಮಾತ್ರ ಅದು ಜಾಸ್ತಿ ಬೀಳಬಾರದು:
ಲೋಟದಲ್ಲಿ ಮೆಚ್ಚುವ ಕಹಿ
ಒಲೆಯ ಮೇಲೆ ಕುದಿದಷ್ಟೂ ಮೊಂಡು ಹಿಡಿಯುತ್ತದೆ.

ದನದ ಕೆನ್ನೆಯ ಮಾಂಸ, ಒಂದೂವರೆ ಕಿಲೋ.
ಬೆಣ್ಣೆಯ ಗಲಾಟೆ ಅಡಗಿದ ಮೇಲೆ ಹಾಕು,
ತುಂಡಿಗೆ ತುಂಡು ತಾಗದಂತೆ.
ಒತ್ತೊತ್ತಾಗಿ ಕೂತರೆ ಬೆವರುತ್ತವೆ, ಕೆಂಪಾಗುವುದಿಲ್ಲ.
ಈರುಳ್ಳಿ ನಾಲ್ಕು. ಅಳುವುದಿದ್ದರೆ ಈಗಲೇ ಅತ್ತುಬಿಡು,
ಯಾರೂ ಕಾರಣ ಕೇಳುವುದಿಲ್ಲ.

ಈಗ ಬಿಯರು.
ಬುಸ್ಸೆಂದು ನೊರೆ ಏಳುತ್ತದೆ, ಹೆದರಬೇಡ,
ತಳಕ್ಕೆ ಹಿಡಿದದ್ದನ್ನೆಲ್ಲ ಬಿಡಿಸಿಕೊಂಡು ಮೇಲೆ ಬರುತ್ತದೆ.
ಅಡುಗೆಮನೆ ತುಂಬ ಹುರಿದ ಬಾರ್ಲಿಯ, ಒದ್ದೆ ಗೋಣಿಯ ವಾಸನೆ.
ಅಮಲು ಆವಿಯಲ್ಲಿ ಹೋಗಿಬಿಡುತ್ತದೆ ಅನ್ನುತ್ತಾರೆ.
ಪೂರ್ತಿ ಹೋಗುವುದಿಲ್ಲ. ನಾನು ಹೇಳಿದೆ ಅಂತ ಹೇಳಬೇಡ.

ಬ್ರೆಡ್ಡಿಗೆ ಸಾಸಿವೆ ದಪ್ಪಗೆ ಬಳಿದು
ಬಳಿದ ಮುಖ ಕೆಳಗಾಗಿ ತೇಲಿಬಿಡು.
ಕದಡಬೇಡ.
ತಾನಾಗಿ ಮುಳುಗುತ್ತದೆ, ತಾನಾಗಿ ಕರಗುತ್ತದೆ,
ತಾನಿದ್ದೆ ಎಂಬುದನ್ನು ಗೊಜ್ಜಿನ ದಪ್ಪದಲ್ಲಷ್ಟೇ ಹೇಳುತ್ತದೆ.
ಮೂರು ತಾಸು, ಸಣ್ಣ ಉರಿ.
ಮುಚ್ಚಳದ ಅಂಚು ಒಡೆದಿದೆ ನೋಡು,
ಆ ಸಂದಿಯಿಂದ ಆವಿ ಹೋಗಬೇಕಾದಷ್ಟೇ ಹೋಗುತ್ತದೆ;
ಹೊಸ ಪಾತ್ರೆ ತಂದುಕೊಡಲು ಬಂದೀಯೆ, ಜೋಕೆ.

ಏನು ಕೇಳಿದೆ? ಉಳಿದರ್ಧ ಸೀಸೆ?
ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ನಾನು ಈ ಮನೆಗೆ ಬಂದಾಗ ಅದು ಅತ್ತೆ ಜುಲ್ಮಾಳದ್ದು.
ಕಿಟಕಿಯ ಬಳಿ ಚಪ್ಪಲಿ ಬಿಚ್ಚಿ ಕೂರುತ್ತಿದ್ದಳು,
ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ
ನನ್ನ ತಪ್ಪುಗಳನ್ನು ಎಣಿಸುತ್ತ.
ಆಮೇಲೆ ಅಖೀಲನದ್ದಾಯಿತು.
ಸೆಪ್ಟೆಂಬರಿನಲ್ಲಿ ಹಾಪ್ಸ್ ಒಣಗಿಸುವ ಗೂಡಿನಿಂದ ಬರುತ್ತಿದ್ದ,
ಕೈಯೆಲ್ಲ ಸೋಪಿಗೆ ಜಗ್ಗದ ಕಪ್ಪು ಅಂಟು.
ನಿಂತೇ ಕುಡಿದು, ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ,
ಒಳಗೆ ಯಾರೋ ಉಳಿದುಕೊಂಡಿದ್ದಾರೇನೋ ಎಂಬಂತೆ.

ಒಂದು ವರ್ಷ ಅರ್ಧ ಸಾಲಲಿಲ್ಲ.
ಪಾತ್ರೆಯ ಪಾಲಿನ ಒಂದೂವರೆಯೂ ಹೋಯಿತು.
ಆ ಚಳಿಗಾಲವೆಲ್ಲ ನೀರಲ್ಲೇ ಬೇಯಿಸಿದೆ,
ಬಣ್ಣಕ್ಕೆ ಸುಟ್ಟ ಸಕ್ಕರೆ.
ನಿನ್ನ ಗಂಡ ಆಗ ಆರು ವರ್ಷದವನು.
‘ಅಮ್ಮಾ, ಇದು ಬೇರೆಯವರ ಮನೆಯ ಊಟ’ ಅಂದ.
ಅಖೀಲ ತಟ್ಟೆ ನೋಡಿದ. ನನ್ನ ನೋಡಲಿಲ್ಲ.
ಮರುಭಾನುವಾರ ಮೇಜಿನ ಮೇಲೆ ಎರಡು ಸೀಸೆ,
ಬಿರಡೆ ತೆಗೆಯದವು,
ಪಕ್ಕದಲ್ಲಿ ಓಪನರು, ಹಿಡಿ ನನ್ನ ಕಡೆಗೆ.
ಆ ಅರ್ಧವನ್ನು ಮತ್ತೆ ಅವನು ಕೇಳಲಿಲ್ಲ,
ನಾನು ಕೊಡಲಿಲ್ಲ.
ಹದಿನೇಳು ವರ್ಷ ಸಿಂಕಿಗೆ ಸುರಿದೆ,
ನಲ್ಲಿ ಜೋರಾಗಿ ಬಿಟ್ಟು.

ಅಗೋ ಅಂಗಳದಲ್ಲಿ
ಸೈಕಲ್ ಟ್ಯೂಬನ್ನು ಬಕೀಟಿನ ನೀರಲ್ಲಿ ಅದ್ದಿ
ಗುಳ್ಳೆ ಎಲ್ಲೇಳುತ್ತದೆಂದು ಹುಡುಕುತ್ತಿದ್ದಾನೆ.
ಕಿವಿ ಮಾತ್ರ ಇತ್ತ ಕಡೆ.
ಕಪಾಟಿನಿಂದ ಸಣ್ಣ ಲೋಟ ತೆಗೆ, ಎರಡು.
ಇನ್ನು ಸುರಿಯುವುದಿಲ್ಲ ನಾನು.
ಅಡುಗೆ ಮಾಡಿದವಳದ್ದು ಅದು,
ಜುಲ್ಮಾಳಿಗೂ ಇದು ಗೊತ್ತಿತ್ತು, ಹೇಳಲಿಲ್ಲ ಅಷ್ಟೆ.
ಚಪ್ಪಲಿ ಬಿಚ್ಚು. ಕೂತುಕೋ.
ನಿನ್ನ ತಪ್ಪು ಎಣಿಸುವುದಿಲ್ಲ,
ಈರುಳ್ಳಿಯನ್ನು ಅಷ್ಟು ದಪ್ಪ ಹೆಚ್ಚಿದ್ದೊಂದು ಬಿಟ್ಟು.

ಅಯ್ಯೋ, ಸಕ್ಕರೆ ಹೇಳುವುದೇ ಮರೆತೆ.
ಒಂದು ಚಮಚ, ಇಳಿಸುವ ಮುನ್ನ.
ಸುಟ್ಟದ್ದಲ್ಲ.