ಹತ್ತೊಂಬತ್ತೇಳಲೆ

“ಇದಕ್ಕ ಬ್ಯಾರೆ ತೂತಿಲ್ಲರಿ,” ಅಂದರು ದಾವಲ್‌ಸಾಬರು,
“ಬಾಯಿ ಒಂದ ಐತಿ. ಏನ ಉಣಸೂದಿದ್ರೂ ಅಲ್ಲಿಂದನ.”
ಕೊಪ್ಪೀಕರ ರೋಡಿನ ಹಿಂದಿನ ಸಂದಿ,
ಗಟಾರದ ಕಲ್ಲಿಗೆ ಒಂದು ಗಾಲಿ ಏರಿಸಿ ನಿಂತ
ನನ್ನ ತೊಂಬತ್ತಾರರ ಮಾರುತಿ,
ಅದರ ಎದೆಗೂಡಿನೊಳಗೆ ಕುತ್ತಿಗೆಯವರೆಗೂ ತೂರಿಕೊಂಡ
ಅರವತ್ತು ದಾಟಿದ ಮನುಷ್ಯ.
ಆಮೇಲೆ ಬಾಯಲ್ಲಿ ಟಾರ್ಚು ಕಚ್ಚಿಕೊಂಡರು,
ಮುಂದಿನ ಮಾತೆಲ್ಲ ಅರ್ಧರ್ಧ.

ಸಿಂಚನಾಳ ಅಂಗೈಯಲ್ಲಿ ಪ್ಲೇಯರು,
ಬೆಂಕಿಪೊಟ್ಟಣಕ್ಕಿಂತ ತೆಳು, ಆರುನೂರ ಹನ್ನೆರಡು ಹಾಡು.
ಸೋದರಮಾವ ಕೊಟ್ಟದ್ದು, ಐದನೇತ್ತೆ ಪಾಸಾದದ್ದಕ್ಕೆ,
ಗಣಿತದಲ್ಲಿ ಮೂವತ್ತಾರೇ ಬಂದಿದ್ದರೂ.
ಇನ್ನೊಂದು ಕೈಯಲ್ಲಿ ಬಾಲವಿರುವ ಕ್ಯಾಸೆಟ್ಟು:
ಮೈ ಇದೆ, ರೀಲಿಲ್ಲ; ಎರಡು ಚಕ್ರ, ಒಂದು ಕರಿ ವಾಯರು.
“ಇಲಿ ಅಪ್ಪಾ ಇದು,” ಅಂದಳು, ಬಾಲ ಹಿಡಿದು ತೂಗಾಡಿಸಿ.

ಇಲಿ ಒಳಗೆ ಹೋಗಲಿಲ್ಲ.
ಒಳಗೆ ಯಾರೋ ಇದ್ದರು.

ಇಕ್ಕಳ, ಚಿಮಟ, ಒಂದು ಬೈಗುಳ,
ಕೊನೆಗೆ ಹೊರಬಂತು ಹಳೆಯ ಕ್ಯಾಸೆಟ್ಟು
ಕರುಳನ್ನು ರೋಲರಿಗೆ ಸುತ್ತಿಕೊಂಡು.
ಲೇಬಲ್ಲಿನ ಮೇಲೆ ಶಾಯಿಯಲ್ಲಿ ‘ಭಾಗ’ ಅಂತಷ್ಟೇ ಉಳಿದಿತ್ತು,
ಯಾವುದರ ಭಾಗವೋ.
ಸಾಬರು ಪೆನ್ಸಿಲ್ ತೂರಿಸಿ ತಿರುವಿದರು,
ಚಾ ಬಂತು, ಅರ್ಧ ಕುಡಿದರು, ಮತ್ತೆ ತಿರುವಿದರು,
ಮೇಜಿನ ಮೇಲಿನ ಟೇಪಿಗೆ ಹಾಕಿ ಗುಂಡಿ ಒತ್ತಿದರು:

ಹತ್ತೊಂಬತ್ತೊಂದಲೆ ಹತ್ತೊಂಬತ್ತು,
ಹತ್ತೊಂಬತ್ತೆರಡಲೆ ಮೂವತ್ತೆಂಟು…
ಒಂದು ಹುಡುಗಿ. ಹಿಂದೆ ಕುಕ್ಕರಿನ ಸೀಟಿ.
ಏಳಕ್ಕೆ ಬಂದು ನಿಂತಳು.
“ನೂರಾ ಇಪ್ಪತ್ಮೂರು?”
ಹೆಂಗಸಿನ ದನಿ, ಬಹುಶಃ ಒಲೆಯ ಕಡೆಯಿಂದ: “ಮತ್ತೊಮ್ಮೆ. ಮೊದಲಿಂದ.”
ಮೊದಲಿಂದ. ಏಳಕ್ಕೆ ಮತ್ತೆ ನಿಂತಳು.
ಒಂದು ಕಡೆಯ ರೀಲು ಪೂರ್ತಿ ಓಡಿತು,
ಅವಳು ಏಳು ದಾಟಲಿಲ್ಲ.

ಸಿಂಚನಾ ಮೊದಲು ನಕ್ಕಳು, ಆಮೇಲೆ ನಗಲಿಲ್ಲ.

ಗಾಡಿ ನನಗೆ ಬಂದದ್ದು ಮೂರನೆಯ ಕೈಗೆ.
ಮೊದಲು ರಾಣೇಬೆನ್ನೂರಿನ ದನದ ಡಾಕ್ಟರು,
ಆಮೇಲೆ ನವನಗರದ ಶೆಟ್ಟರು.
ಆರ್‌ಸಿ ಪುಸ್ತಕದಲ್ಲಿ ಹೆಸರುಗಳಿವೆ,
ಮಗ್ಗಿ ಯಾರದೆಂದು ಬರೆದಿಲ್ಲ.
“ಕೆಲಸದ್ದು ಎಂಬತ್ತು,” ಅಂದರು ಸಾಬರು, “ಮಗ್ಗಿ ಪುಕ್ಕಟೆ.”

ಸ್ಪಿರಿಟ್ಟಿನ ಹತ್ತಿ ಒತ್ತಿ ಹೆಡ್ಡು ಒರೆಸಿ
ಇಲಿಯನ್ನು ನೂಕಿದರು. ಕಟಕ್.
ಚಕ್ರಗಳು ತಿರುಗತೊಡಗಿದವು,
ಸುತ್ತಿಕೊಳ್ಳಲು ಏನೂ ಇಲ್ಲದಿದ್ದರೂ
ತಿರುಗುವ ಮರ್ಯಾದೆ ಬಿಡಲಿಲ್ಲ.
ಡಬ್ಬಿ ನಂಬಿತು. ಹಾಡು ಬಂತು.
“ಒಂದ ಮಾತು. ಈ ಪಿನ್ನಿನ ಬುಡ ಸಡಿಲೈತಿ,
ಯಾರರ ಹೆಬ್ಬಟ್ಟ ಒತ್ತಿ ಹಿಡೀಬೇಕು.”

ಗಬ್ಬೂರು ದಾಟಿದೆವು, ವರೂರು ದಾಟಿದೆವು.
ಡಿಕ್ಕಿಯಲ್ಲಿ ಹಾವೇರಿಯ ಅಂಗಡಿಗಳಿಗೆ ಒಯ್ಯುವ
ತಕ್ಕಡಿ, ತೂಕದ ಕಲ್ಲು,
ತೆಗ್ಗು ಬಂದಾಗೊಮ್ಮೆ ಠಣ್ಣೆಂದು ತಾಳ ತಪ್ಪಿಸುತ್ತಿದ್ದವು.
ಅವಳ ಹೆಬ್ಬೆರಳು ಬಿಗಿಯಾಗಿದ್ದಷ್ಟು ಹೊತ್ತು
ಹಾಡು ಇಡಿಯಾಗಿತ್ತು.
ತಡಸ ಕ್ರಾಸಿನಲ್ಲಿ ಕಣ್ಣು ಭಾರ,
ಶಿಗ್ಗಾವಿಯಲ್ಲಿ ತಲೆ ಕಿಟಕಿಗೆ,
ಬೆರಳು ಸಡಿಲ.

ಆಗ ಒಂದು ಸೋಜಿಗ. ಹಾಡು ನಿಲ್ಲಲಿಲ್ಲ,
ಹಾಡುವವಳು ಮಾತ್ರ ನಡುದಾರಿಯಲ್ಲಿ ಇಳಿದು ಹೋದಳು.
ಪಿಟೀಲು ಇದೆ, ತಬಲಾ ಇದೆ,
ಗೆಜ್ಜೆಯೂ ಇದೆ ಬಾವಿಯೊಳಗಿಂದ ಬಂದ ಹಾಗೆ,
ನಟ್ಟ ನಡುವೆ ಒಬ್ಬಳು ಕೂತೆದ್ದ ಜಾಗ.
ಕೈ ಚಾಚಿ ಪಿನ್ನು ಒತ್ತಬಹುದಿತ್ತು.
ಮುಂದೆ ಹತ್ತಿಯ ಲಾರಿ, ಗೇರು ಇಳಿಸಬೇಕಿತ್ತು,
ತಬಲಾದ ಲೆಕ್ಕವನ್ನು ಬಾಯಿ ತಾನೇ ಹಿಡಿದುಕೊಂಡಿತು:
ಹತ್ತೊಂಬತ್ತೈದಲೆ ತೊಂಬತ್ತೈದು,
ಹತ್ತೊಂಬತ್ತಾರಲೆ ನೂರಾ ಹದಿನಾಲ್ಕು,
ಹತ್ತೊಂಬತ್ತೇಳಲೆ…

“ನೂರಾ ಇಪ್ಪತ್ಮೂರು,” ಅಂದಳು ಸಿಂಚನಾ,
ಕಣ್ಣು ತೆರೆಯದೆ.

ಬಂಕಾಪುರ ಕ್ರಾಸು ಬರುವತನಕ ನಾನು ತಿದ್ದಲಿಲ್ಲ.
ಡಿಕ್ಕಿಯಲ್ಲಿ ತೂಕದ ಕಲ್ಲು
ಒಮ್ಮೆ ಠಣ್ಣೆಂದಿತು.