ಇಳಿಯೋವಾಗ ಇಸ್ಕೊಳ್ಳಿ

ಶ್ರೀನಗರ ಬಸ್ ನಿಲ್ದಾಣದ ಎದುರು, ಮೊದಲ ಮಹಡಿ,
ನಾಲ್ಕನೇ ಕೌಂಟರು ನನ್ನದು.
ಪಾಸ್‌ಪೋರ್ಟು ಮಾಡಿಸಿಲ್ಲ ನಾನು.
ಆದರೂ ಬಾಲಿ ಗೊತ್ತು, ದುಬೈ ಗೊತ್ತು,
ಪ್ಯಾರಿಸ್ಸಿನ ಒಂದು ಓಣಿಯೂ ಗೊತ್ತು.
ತಿರುಗಿ ಬಂದವರು ಸ್ಟೇಟ್‌ಮೆಂಟು ಹಿಡಿದು
ಇದೇನ್ ಮೇಡಂ ಈ ಕಡಿತ, ಇದ್ಯಾಕೆ, ಇನ್ನೊಂದ್ಯಾತಕ್ಕೆ
ಎಂದು ಬೆರಳಿಟ್ಟು ತೋರಿಸಿದ ಸಾಲುಗಳಲ್ಲಿ
ಊರುಗಳೆಲ್ಲ ನನಗೆ ಹಾಗೇ ಪರಿಚಯ:
ಎಲ್ಲಿ ಎಷ್ಟು ಕಿತ್ತರು ಎಂದು.

ಮರಿಗಂಗಪ್ಪನವರು ಹೋಗುವ ಮೊದಲೇ ಬಂದರು.
ಅಂಥವರು ವರ್ಷಕ್ಕೊಬ್ಬರು.
ಬಿಟಿಎಸ್ ಕಾಲದ ಕಂಡಕ್ಟರು, ನಿವೃತ್ತಿಯಾಗಿ ಆರು ವರ್ಷ,
ಆದರೂ ಹೆಬ್ಬೆರಳು ತೋರುಬೆರಳು
ಟಿಕೆಟ್ ಹರಿಯುವ ಹಾಗೆ ಒಂದನ್ನೊಂದು ಉಜ್ಜುತ್ತಲೇ ಇರುತ್ತವೆ.
ಡಿಪೋದ ಗೆಳೆಯರು ಏಳು ಜನ, ಥಾಯ್ಲೆಂಡು, ಐದು ರಾತ್ರಿ.
‘ಆನೆ ನೋಡ್ಕೊಂಡ್ ಬರ್ತೀವಿ.
ಬನ್ನೇರುಘಟ್ಟದಲ್ಲಿಲ್ವಾ ಅಂತಾಳೆ ಮನೆಯವಳು.’

ಚಲನ್ನಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದುಕೊಡುತ್ತ ಹೇಳಿದೆ:
ಪ್ರತಿ ಸಲ ಕಾರ್ಡು ತೂರಿಸಿದಾಗಲೂ
ಅಲ್ಲಿಯ ಮಿಷನ್ನು ತನ್ನ ಪಾಲು ತಿನ್ನುತ್ತೆ,
ಇಲ್ಲಿ ನಾವೂ ತಿನ್ನುತ್ತೇವೆ
(ಇದನ್ನು ತಲೆ ತಗ್ಗಿಸಿಯೇ ಹೇಳಿದೆ),
ಚೂರು ತೆಗೆದರೂ ಅಷ್ಟೇ, ಕಟ್ಟು ತೆಗೆದರೂ ಅಷ್ಟೇ.
ಏಳು ಜನ ಏಳು ಸಲ ಬೇಡ,
ಒಬ್ಬರು ಒಂದೇ ಸಲ ತೆಗೆದು ಹಂಚಿಕೊಳ್ಳಿ.
‘ಸ್ಟೇಜಿಗೊಂದು ಟಿಕೆಟ್ ಬದಲು
ಡೈಲಿ ಪಾಸು ತಗೊಂಡಂಗೆ’ ಅಂದರು.
ಹೌದು, ಹಾಗೆ.
ಕ್ರೆಡಿಟ್ ಕಾರ್ಡಲ್ಲಿ ನಗದು ಮಾತ್ರ ಮುಟ್ಟಬೇಡಿ,
ಬಡ್ಡಿ ಅವತ್ತೇ ಹುಟ್ಟಿ ಅವತ್ತೇ ಓಡೋಕೆ ಕಲಿಯುತ್ತೆ.

ಇನ್ನೊಂದು ಮಾತು.
ನೋಟು ಉದುರುವ ಮುಂಚೆ ಅದು ಕೇಳುತ್ತೆ,
ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಲೇ ಅಂತ.
ಅಷ್ಟು ದೂರದಲ್ಲಿ ನಮ್ಮ ಚಿಹ್ನೆ ಕಂಡು
ಜೀವ ಹಗುರಾಗುತ್ತೆ. ಬೇಡ ಅನ್ನಿ.
ನಿನ್ನ ದುಡ್ಡಲ್ಲೇ ಹಾಕು ಅನ್ನಿ.
ಪರಸ್ಥಳದಲ್ಲಿ ನಮ್ಮ ಮಾತು ಆಡಿದ್ದೆಲ್ಲ
ನಮ್ಮ ಕಡೆಯದಲ್ಲ.

ಪೆನ್ನಿನ ಕ್ಯಾಪು ತಿರುಗಿಸುತ್ತ ಕೂತಿದ್ದರು.
‘ಮೆಜೆಸ್ಟಿಕ್ಕಲ್ಲಿ, ಮೇಡಂ, ನಡುರಾತ್ರಿ ಬಸ್ಸಿಳಿದವರ ಹತ್ರ
ಅವರವರ ಸೀಮೆ ಮಾತಲ್ಲೇ ಮಾತಾಡಿಸೋರು,
ಯಾವೂರಣ್ಣ, ನಮ್ ಕಡೇರಾ ಅಂತ.
ಬೆಳಗ್ಗೆ ನೋಡಿದರೆ
ಮನುಷ್ಯ ಇರೋನು, ಟ್ರಂಕು ಇರ್ತಿರಲಿಲ್ಲ.’

ಎರಡು ವಾರ ಬಿಟ್ಟು ಬಂದರು,
ಮುಖ ಕಪ್ಪಾಗಿತ್ತು, ಅಂಗಿಯ ಮೇಲೆ ಹೂವು ಬಂದಿತ್ತು.
ಒಂದು ಸಲ ನೀವು ಹೇಳಿದಂಗೇ ಮಾಡಿದೆ ಅಂದರು.
ಕೊನೆಯ ರಾತ್ರಿ ಡ್ರೈವರ್ ಹುಚ್ಚಯ್ಯನಿಗೆ ಹೊಟ್ಟೆ ಕೆಟ್ಟು
ಡಾಕ್ಟರಿಗೆ ನಗದೇ ಬೇಕು,
ಬೀದಿ ಬದಿಯ ಮಿಷನ್ನು, ಹಿಂದೆ ಜನ,
ಕನ್ನಡಕ ರೂಮಿನಲ್ಲಿ.
‘ರೂಪಾಯಿ ಅಂತ ಕಾಣ್ತು. ಒತ್ತಿಬಿಟ್ಟೆ.’

ಲೆಕ್ಕ ಹಾಕಿದೆ. ನಾನೂರ ಹನ್ನೆರಡು ಹೆಚ್ಚಿಗೆ ಹೋಗಿತ್ತು.
ಬೈಯುತ್ತಾರೆಂದು ಕಾದೆ.
‘ಮೂವತ್ತೊಂದು ವರ್ಷ’ ಅಂದರು ಮರಿಗಂಗಪ್ಪ,
‘ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಬರೆದುಕೊಟ್ಟೆ,
ಎರಡು, ನಾಲ್ಕು, ಮಳೆ ದಿನ ಎಂಟೂ.
ಅರ್ಧ ಜನ ಮರೆತು ಇಳಿಯೋರು.
ಮರೀಲಿ ಅಂತ ನಾನೂ ಕಿಟಕಿ ಕಡೆ ನೋಡ್ತಿದ್ದೆ, ಕೆಲವು ಸಲ.
ಎಲ್ಲ ಸೇರಿ ಎಷ್ಟಾಗಿರಬಹುದು?’

ಕ್ಯಾಲ್ಕುಲೇಟರಿನ ಮೇಲೆ ಕೈ ಇಟ್ಟೆ, ತೆಗೆದೆ.

ಆ ಮಿಷನ್ನಿನ ಚೀಟಿ ಮುಂದೆ ತಳ್ಳಿದರು.
ಶಾಖಕ್ಕೆ ಮೂಡಿದ ಅಕ್ಷರ, ಆಗಲೇ ಮಾಸುತ್ತಿತ್ತು,
ಊರಿನ ಹೆಸರು ಹೋಗಿ ತಾರೀಖು ಉಳಿದಿತ್ತು.
‘ಹಿಂದೆ ಬರೆದುಕೊಡಿ’ ಅಂದರು.
ನಗು ಬಂತು ನನಗೆ, ಅವರಿಗೆ ಬರಲಿಲ್ಲ.
ನೀಲಿ ಇಂಕಿನಲ್ಲಿ ಬರೆದೆ, 412,
ಸುತ್ತ ಒಂದು ಸೊನ್ನೆ ಎಳೆದೆ.
ಇಳಿಯೋವಾಗ ಇಸ್ಕೊಳ್ಳಿ, ಎಂದೆ.

ಉದ್ದಕ್ಕೆ ಮಡಿಸಿ, ಮತ್ತೆ ಮಡಿಸಿ
ಪ್ರಯಾಣಿಕರಂತೆ
ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡು
ಮೆಟ್ಟಿಲಿಳಿದರು.